ಯಾವ ಮಾತು ಖರೆ?

ಡಯಟಿಶಿಯನ್ ಇಂಟರ್ನ್‌ಶಿಪ್ ಅಂದ್ರೆ ಕೆಲವು ವಾರಕ್ಕೊಂದು ವಾರ್ಡು. ಶುಗರ್ ಇದ್ದವರಿಗೆ 'ರೊಟ್ಟಿ ಒಂದು ಕಡಿಮೆ ಮಾಡಿ, ಬೇಳೆ, ಸೊಪ್ಪು ಜಾಸ್ತಿ ತಗೊಳ್ಳಿ' ಅಂತಿದ್ದೆ. ಕಿಡ್ನಿ ವಾರ್ಡಿಗೆ ಬಂದ ಮೇಲೆ ಅದೇ ಬೇಳೆ, ಅದೇ ಸೊಪ್ಪಿಗೆ ಅಳತೆ ಹಾಕತೊಡಗಿದೆ. ಸರ್ಜರಿ ವಾರ್ಡಿನಲ್ಲಿ ಗಾಯ ಮಾಯಬೇಕಲ್ಲ, ಮತ್ತೆ 'ಬೇಳೆ ಜಾಸ್ತಿ'. ಬಾಯಿ ಒಂದೇ, ಮಾತು ಮೂರು. ಅದು ವಿಚಿತ್ರ ಅಂತ ನನಗೆ ಆಗ ಅನ್ನಿಸಿರಲೇ ಇಲ್ಲ.

ಅನ್ನಿಸಿದ್ದು ಹುಮನಾಬಾದ್ ಕಡೆಯ ಅಜ್ಜಿಯೊಬ್ಬರಿಗೆ. ಹೊಸದಾಗಿ ಡಯಾಲಿಸಿಸ್ ಶುರುವಾಗಿತ್ತು. ನಾನು ಬಸವಕಲ್ಯಾಣದವಳು ಅಂತ ಗೊತ್ತಾದಾಗಿನಿಂದ ನನ್ನ ಮೇಲೆ ಸಲುಗೆ. 'ಇನ್ನು ಬೇಳೆ ಜಾಸ್ತಿ ಉಣ್ಣಬೇಕು' ಅಂತ ಚಾರ್ಟ್ ಕೊಟ್ಟೆ. ಅಜ್ಜಿ ಅದನ್ನು ಮಡಚಿ ಪಕ್ಕಕ್ಕಿಟ್ಟರು.

"ಎರಡ್ ವರ್ಷದಿಂದ ಬ್ಯಾಳಿ ಬ್ಯಾಡ ಅಂದ್ರಿ. ಮನ್ಯಾಗ ತೊಗರಿ ಚೀಲ ಇಟ್ಕೊಂಡು ಬರೇ ರೊಟ್ಟಿ, ಖಾರ ಉಂಡೀನಿ. ಈಗ ಉಣ್ಣು ಅಂತೀರಿ. ಯಾವ ಮಾತು ಖರೆ, ಯವ್ವಾ?"

ಎರಡೂ ಖರೆ. ಡಯಾಲಿಸಿಸ್‌ಗೆ ಮುಂಚೆ, ಸೋತ ಕಿಡ್ನಿಗೆ ಹೊರೆಯಾಗದಿರಲಿ ಅಂತ ಪ್ರೋಟೀನ್ ಕಡಿಮೆ. ಶುರುವಾದ ಮೇಲೆ ಪ್ರತಿ ಸಲ ಮೈಯಿಂದ ಸ್ವಲ್ಪ ಪ್ರೋಟೀನ್ ಹೋಗುತ್ತೆ, ಹಾಗಾಗಿ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು. ಆದರೆ ಇದನ್ನು ಅಜ್ಜಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕಾರಣ ಗೊತ್ತಿಲ್ಲದವರ ಕಿವಿಗೆ 'ಕಡಿಮೆ' ಅನ್ನೋದು 'ಬ್ಯಾಡ' ಅಂತ ಕೇಳಿಸುತ್ತೆ. ಎರಡು ವರ್ಷ ಅವರು ಪಾಲಿಸಿದ್ದು ಯಾರೂ ಕೊಡದ ಆಜ್ಞೆಯನ್ನು. ಹಾಗಾದರೆ ಸರಿಯಾದ ಚಾರ್ಟ್ ಕೊಟ್ಟ ಮಾತ್ರಕ್ಕೆ ನಾವು ಸತ್ಯ ಹೇಳಿದಂತಾಯಿತಾ?

ಅವತ್ತು ಕುರ್ಚಿ ಎಳೆದು ಕೂತೆ. ಬೇಳೆಯಲ್ಲಿ ಪೊಟ್ಯಾಶಿಯಂ ಇದೆ, ಅದು ಏರಿದರೆ ಹೃದಯಕ್ಕೆ ಅಪಾಯ, ನೆನೆಸಿ ಕುದಿಸಿದರೆ ಒಂದಿಷ್ಟು ನೀರಿಗೆ ಇಳಿಯುತ್ತೆ ಅಂತ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಕಟ್ಟಿನ ಸಾರು ಬಿಡಬೇಕು, ಬ್ಯಾಳಿ ಉಣ್ಣಬಹುದು. ಹೌದಿಲ್ಲೋ?" ಅಂದರು. ನನ್ನ ಚಾರ್ಟಿನಲ್ಲಿ ಕಟ್ಟಿನ ಸಾರಿನ ಹೆಸರೇ ಇರಲಿಲ್ಲ. ಕಾರಣ ಸಿಕ್ಕ ಕೂಡಲೇ ಅವರ ಅಡುಗೆಮನೆಯ ಉತ್ತರವನ್ನು ಅವರೇ ಕಂಡುಕೊಂಡರು.

ನಮ್ಮೂರಲ್ಲಿ ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಹಾಕಿದರು. 12ನೇ ಶತಮಾನದಲ್ಲೇ ಎಲ್ಲ ಕಾಯಕದವರೂ ಕೂತು ಪ್ರಶ್ನೆ ಕೇಳಿದ ಊರು ನಮ್ಮದು ಅಂತ ಹಾಸ್ಟೆಲ್‌ನಲ್ಲಿ ನಾನೂ ಜಂಬ ಕೊಚ್ಚಿಕೊಂಡವಳೇ. ವಾರ್ಡಿನಲ್ಲಿ ಮಾತ್ರ ಪ್ರಶ್ನೆಗೆ ಜಾಗ ಇಡದೆ ಚೀಟಿ ಕೊಟ್ಟು ಮುಂದಿನ ಬೆಡ್ಡಿಗೆ ಹೋಗ್ತಿದ್ದೆ.

ಈಗಲೂ ರೌಂಡ್ಸ್‌ನಲ್ಲಿ ಟೈಮ್ ಇರಲ್ಲ. ಆದರೂ ಚಾರ್ಟ್ ಕೊಡುವ ಮೊದಲು "ಮನ್ಯಾಗ ಏನ್ ಅಡಿಗಿ ಮಾಡ್ತೀರಿ?" ಅಂತ ಕೇಳ್ತೀನಿ. ಕೊಟ್ಟ ಮೇಲೆ, "ಯಾಕ ಅಂತ ಕೇಳ್ರಿ" ಅಂತೀನಿ.