‘ಮಾ’ ಎಂಬ ಒಂದಕ್ಷರ

ಮಾತಿಗೆ ಅರ್ಥವು ಎಲ್ಲಿಂದ ಬಂದಿತು? ಬೆಂಕಿಯಲ್ಲಿ ಬಿಸುಪು ಇರುವಂತೆ ಶಬ್ದದೊಳಗೇ ಅರ್ಥವು ಸಹಜವಾಗಿ ನೆಲಸಿರುವುದೋ, ಅಥವಾ ಜನರು ತಮ್ಮತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯಿಂದ ಅದಕ್ಕೆ ಪ್ರಾಪ್ತವಾದುದೋ? ಇದು ಪಂಡಿತರ ಶುಷ್ಕವಾದವೆಂದು ತೋರಬಹುದು. ಆದರೆ ದಿನವೂ ಮಾತನಾಡಿ ಬಾಳುವ ಸಂಸಾರಿಗೂ ಇದರಿಂದ ಕಲಿಯತಕ್ಕ ಧರ್ಮವೊಂದುಂಟು. ಅದನ್ನರಿಯಲು ‘ಮಾ’ ಎಂಬ ಒಂದಕ್ಷರದ ಶಬ್ದವನ್ನು ಪರೀಕ್ಷಿಸಿದರೆ ಸಾಕು.

ಸಂಸ್ಕೃತವೊಂದರಲ್ಲಿಯೇ ಈ ಶಬ್ದಕ್ಕೆ ಹಲವು ಅರ್ಥಗಳಿವೆ. ಅಮರಕೋಶವು ಲಕ್ಷ್ಮಿಯ ಹೆಸರುಗಳಲ್ಲಿ ಇದನ್ನೂ ಎಣಿಸಿದೆ. ಅವ್ಯಯವಾಗಿ ಬಂದಾಗ ಇದು ‘ಬೇಡ, ಕೂಡದು’ ಎಂಬ ನಿಷೇಧವನ್ನು ಸೂಚಿಸುತ್ತದೆ. ಧಾತುವಾದರೆ ‘ಅಳೆ’ ಎಂಬರ್ಥ. ಮಾನ, ಮಾಪನ, ಪ್ರಮಾಣ ಮುಂತಾದ ಪದಗಳು ಅದರಿಂದ ಹುಟ್ಟಿದುವು. ಕ್ರೌಂಚಪಕ್ಷಿಯನ್ನು ಕೊಂದ ಬೇಡನನ್ನು ಕಂಡು ವಾಲ್ಮೀಕಿಮುನಿಯ ಬಾಯಿಂದ ಹೊರಟ ಶ್ಲೋಕವು ಈ ಅಕ್ಷರದಿಂದಲೇ ಆರಂಭವಾಗುವುದು. ಅದನ್ನು ನಿಷೇಧವೆಂದು ತಿಳಿದರೆ ಶ್ಲೋಕವು ಬೇಡನಿಗಿತ್ತ ಶಾಪ. ಲಕ್ಷ್ಮಿಯ ಹೆಸರೆಂದು ಹಿಡಿದು, ಮುಂದಿನ ಪದದೊಡನೆ ಕೂಡಿಸಿ, ‘ಲಕ್ಷ್ಮಿಗೆ ನಿವಾಸನಾದವನೇ’ ಎಂದು ಕೆಲವು ವ್ಯಾಖ್ಯಾನಕಾರರು ಅರ್ಥಮಾಡಿದಾಗ ಅದೇ ಶ್ಲೋಕವು ಶ್ರೀರಾಮನಿಗೆ ಮಂಗಳಾಶಾಸನ. ಅಕ್ಷರವು ಬದಲಾಗಲಿಲ್ಲ; ಗ್ರಹಿಕೆಯು ಬದಲಾದೊಡನೆ ಶಾಪವು ವರವಾಯಿತು.

ಇತರ ಭಾಷೆಗಳನ್ನು ನೋಡಿದರೆ ಆಶ್ಚರ್ಯವು ಇಮ್ಮಡಿಸುವುದು. ಕನ್ನಡದ ‘ಮಾಮರ’ದಲ್ಲಿ ‘ಮಾ’ ಎಂಬುದು ಮಾವು. ತೆಲುಗರು ‘ಮಾ ಊರು’ ಎಂದರೆ ‘ನಮ್ಮ ಊರು’ ಎಂದರ್ಥ. ಆದರೆ ಕೇಳುವವನು ಅದರಲ್ಲಿ ಸೇರಿಲ್ಲ. ಅವನನ್ನೂ ಸೇರಿಸಿಕೊಳ್ಳಬೇಕಾದರೆ ‘ಮನ’ ಎನ್ನಬೇಕು. ಹಿಂದಿಯಲ್ಲಿ ತುಸು ಮೂಗಿನಿಂದ ನುಡಿದರೆ ತಾಯಿ. ಪಾರಸಿಯಲ್ಲಿ ‘ನಾವು’. ಅರಬ್ಬಿಯಲ್ಲಿ ಒಂದೆಡೆ ‘ಏನು’, ಇನ್ನೊಂದೆಡೆ ‘ಇಲ್ಲ’. ಹ್ರಸ್ವದೀರ್ಘಗಳ ಅಲ್ಪಭೇದವನ್ನು ಬಿಟ್ಟರೆ ಇದೇ ಧ್ವನಿಯು ಇಟಲಿಯವರಿಗೆ ‘ಆದರೆ’, ಹಂಗೇರಿಯವರಿಗೆ ‘ಇಂದು’, ಜಪಾನರಿಗೆ ಎರಡರ ನಡುವಣ ತೆರಪು. ಚೀನೀಭಾಷೆಯಲ್ಲಿ ಇದನ್ನು ಒಂದೇ ಎತ್ತರದಲ್ಲಿ ನುಡಿದರೆ ತಾಯಿ, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು! ತಾಯಿಗೂ ಬೈಗಳಿಗೂ ನಡುವೆ ಇರುವುದು ಕೊರಳಿನ ಏರಿಳಿತ ಮಾತ್ರ.

ಇವೆಲ್ಲಕ್ಕೂ ಮೂಲವೊಂದೇ ಇರಬೇಕೆಂದು ಮನಸ್ಸು ಆತುರಪಡುವುದು ಸಹಜ. ಆದರೆ ಧ್ವನಿ ಕೂಡಿದ ಮಾತ್ರಕ್ಕೆ ನಂಟು ಕೂಡುವುದಿಲ್ಲ. ಮರಕ್ಕೂ ಹಕ್ಕಿಗೂ, ಗಿರಿಯ ಫಲಕ್ಕೂ ಕಡಲ ಲವಣಕ್ಕೂ ಎಲ್ಲಿಯ ನಂಟೆಂದು ವಿಚಾರಿಸಿದ ಅಲ್ಲಮಪ್ರಭುಗಳ ವಚನವು ಇಲ್ಲಿ ನೆನಪಾಗದಿರದು. ಸಂಸ್ಕೃತದ ನಿಷೇಧಾರ್ಥಕ ‘ಮಾ’ ಮತ್ತು ಗ್ರೀಕರ ‘ಮೇ’ ಒಂದೇ ಬೇರಿನ ಚಿಗುರುಗಳು. ಅರಬ್ಬಿಯ ‘ಮಾ’ ಅರ್ಥದಲ್ಲಿ ಸಮೀಪವಾದರೂ ಆ ಕುಲದ್ದಲ್ಲ. ಇಟಲಿಯ ಪದವು ‘ಹೆಚ್ಚು’ ಎಂಬರ್ಥದ ಲ್ಯಾಟಿನ್ ‘ಮಗಿಸ್’ ಸವೆದು ಆದುದು; ಹಿಂದಿಯದು ‘ಮಾತಾ’ ಶಬ್ದವು ಪ್ರಾಕೃತದ ಮೂಲಕ ಸವೆದು ಆದುದು. ಹಾಗಾದರೆ ಹಿಂದಿಯ ತಾಯಿಗೂ ಚೀನದ ತಾಯಿಗೂ ಒಂದೇ ಧ್ವನಿ ಹೇಗೆ? ರೋಮನ್ ಯಾಕೊಬ್ಸನ್ ಎಂಬ ಭಾಷಾಶಾಸ್ತ್ರಜ್ಞನು 1960ರಲ್ಲಿ ಪ್ರಕಟವಾದ ಲೇಖನದಲ್ಲಿ ಕಾರಣವನ್ನು ವಿವರಿಸಿದ್ದಾನೆ: ಮೊಲೆಯುಣ್ಣುವ ಕೂಸಿನ ತುಟಿಗಳು ಮುಚ್ಚಿರುವಾಗ ಮೂಗಿನಿಂದ ಹೊರಡಬಲ್ಲುದು ಮಕಾರದಂತಹ ಗುಂಜನ, ಆ ಧ್ವನಿಯೇ ಮುಂದೆ ಹಾಲಿನ ಬಯಕೆಗೆ, ತಾಯಿಯ ಕರೆಗೆ ಗುರುತಾಗುವುದು. ಆದರೂ ಜಾರ್ಜಿಯಾ ದೇಶದ ಭಾಷೆಯಲ್ಲಿ ‘ಮಾಮಾ’ ಎಂದರೆ ತಂದೆ. ನಮ್ಮಲ್ಲಿ ‘ಮಾಮ’ ಎಂದರೆ ತಾಯಿಯ ಸೋದರ. ಧ್ವನಿಯನ್ನು ಕೂಸು ಕೊಟ್ಟಿತು. ಅದು ಯಾರಿಗೆ ಸಲ್ಲಬೇಕೆಂಬುದನ್ನು ಆಯಾ ನಾಡಿನ ಹಿರಿಯರು ನಿಶ್ಚಯಿಸಿದರು.

ನಮ್ಮ ಶಾಸ್ತ್ರಕಾರರು ಈ ವಿಷಯವನ್ನು ಬಹುಕಾಲ ಚರ್ಚಿಸಿದ್ದಾರೆ. ಶಬ್ದಾರ್ಥಗಳ ಸಂಬಂಧವು ಸಹಜವೂ ನಿತ್ಯವೂ ಆದುದೆಂದು ಮೀಮಾಂಸಕರು. ಸಂಕೇತದಿಂದ ಬಂದುದೆಂದು ನೈಯಾಯಿಕರು. ‘ಅನ್ನ’ ಎಂದರೆ ಬಾಯಿ ತುಂಬುವುದಿಲ್ಲ, ‘ಅಗ್ನಿ’ ಎಂದರೆ ನಾಲಗೆ ಸುಡುವುದಿಲ್ಲ, ‘ಖಡ್ಗ’ ಎಂದರೆ ತುಟಿ ಸೀಳುವುದಿಲ್ಲ. ಬೇರೆಬೇರೆ ಜನರಲ್ಲಿ ಶಬ್ದಪ್ರಯೋಗವು ಬೇರೆಬೇರೆಯಾಗಿರುವುದೂ ಕಾಣುತ್ತದೆ. ಆದುದರಿಂದ ಅರ್ಥವು ಶಬ್ದದ ಒಡಲಿನಲ್ಲಿಲ್ಲ ಎಂಬುದು ನ್ಯಾಯಮತ. ಒಂದಕ್ಷರದ ‘ಮಾ’ ಶಬ್ದವು ಈ ಮತಕ್ಕೆ ಸಾಕ್ಷಿಯಾಗಿ ನಿಂತಿದೆ.

ಮೀಮಾಂಸಕರಾದರೂ ಲೋಕಪ್ರಯೋಗವನ್ನು ತಿರಸ್ಕರಿಸಲಿಲ್ಲ. 7ನೆಯ ಶತಮಾನದವರೆಂದು ವಿದ್ವಾಂಸರು ಎಣಿಸುವ ಕುಮಾರಿಲಭಟ್ಟರು ತಂತ್ರವಾರ್ತಿಕದಲ್ಲಿ ದ್ರಾವಿಡಪದಗಳನ್ನೇ ಉದಾಹರಿಸಿ ಪಂಡಿತರ ದುರಭಿಮಾನವನ್ನು ಬಯಲುಮಾಡಿದ್ದಾರೆ. ಅನ್ನವೆಂಬರ್ಥದ ‘ಚೋರ್’ ಶಬ್ದವನ್ನು ಕೇಳಿ ಅದನ್ನು ಕಳ್ಳನೆಂದು ಕಲ್ಪಿಸುವರಂತೆ. ಹಾವೆಂಬರ್ಥದ ಶಬ್ದವನ್ನು ಪಾಪವೆಂದು ತಿರುಚಿ ‘ನಿಜ, ಹಾವು ಪಾಪಿಯೇ’ ಎನ್ನುವರಂತೆ. ಹೊಟ್ಟೆಯೆಂಬರ್ಥದ ‘ವೈರ್’ ಶಬ್ದವನ್ನು ವೈರಿಯೆಂದು ಬಗೆದು, ಹಸಿದವನನ್ನು ಕೆಟ್ಟ ಕೆಲಸಕ್ಕೆ ನೂಕುವ ಹೊಟ್ಟೆಯು ವೈರಿಯೇ ಸರಿ ಎಂದು ಸಮರ್ಥಿಸುವರಂತೆ. ಜಾಣ್ಮೆಯೇನೋ ಇದೆ, ಸತ್ಯವಿಲ್ಲ. ಅನ್ಯರ ಮಾತಿನ ಅರ್ಥವನ್ನು ಅನ್ಯರಿಂದಲೇ ಕೇಳಿ ತಿಳಿಯದೆ, ತನ್ನ ಭಾಷೆಯೇ ಸರ್ವಭಾಷೆಗಳ ತಾಯಿಯೆಂದು ಬೀಗಿ ಸಿಕ್ಕಿದ ಪದವನ್ನೆಲ್ಲ ತನ್ನ ಅಚ್ಚಿಗೆ ಎರೆಯುವುದು ಪಾಂಡಿತ್ಯವಲ್ಲ, ಒಂದು ಬಗೆಯ ಪರಸ್ವಾಪಹರಣ.

ಈಗ ಮುಖ್ಯವಾದ ಪ್ರಶ್ನೆಯೊಂದು ಏಳುವುದು. ಅರ್ಥವು ಕೇವಲ ಒಡಂಬಡಿಕೆಯಾದರೆ, ಮಾತನ್ನು ಮನಬಂದಂತೆ ತಿರುಚಲು ಅಡ್ಡಿಯೇನು? ‘ಕೊಡುವೆನೆಂದು ನಾನು ಹೇಳಿದುದರ ಅರ್ಥ ಬೇರೆ’ ಎಂದು ನುಣುಚಿಕೊಳ್ಳುವವನಿಗೆ ಶಾಸ್ತ್ರವೇ ದಾರಿಮಾಡಿಕೊಟ್ಟಂತಾಗಲಿಲ್ಲವೇ?

ಹಾಗಲ್ಲ. ಅಳತೆಯ ಸೇರನ್ನು ವಿಚಾರಿಸಿ ನೋಡಬೇಕು. ಹಿಂದೆ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮನಾಗಿರಲಿಲ್ಲ. ಇಷ್ಟು ಕಾಳು ಹಿಡಿದರೆ ಸೇರು ಎಂಬುದು ದೈವನಿಯಮವಲ್ಲ, ಜನರ ಕಟ್ಟುಪಾಡು. ಆದರೂ ಸೇರಿನ ತಳಕ್ಕೆ ಮೇಣ ಮೆತ್ತಿ ಅಳೆದ ವರ್ತಕನನ್ನು ಯಾರೂ ಕ್ಷಮಿಸಲಿಲ್ಲ. ಆ ಅಳತೆಯನ್ನು ಹಿಡಿದು ನಿಲ್ಲಿಸಿರುವುದು ಪರಸ್ಪರ ವಿಶ್ವಾಸವೊಂದೇ. ಅದನ್ನು ಕೆಡಿಸಿದವನು ಊರಿನ ಬಾಳನ್ನೇ ಕೆಡಿಸಿದನು. ಮಾತೂ ಅಂತಹ ಅಳತೆಯೇ. ಶಬ್ದಕ್ಕೆ ಸ್ವಂತಬಲವಿಲ್ಲದಿರುವುದರಿಂದಲೇ ಅದಕ್ಕೆ ನುಡಿವವನ ನಡೆಯು ಬಲವಾಗಬೇಕು. ಶರಣರು ನುಡಿಯೊಡನೆ ನಡೆಯನ್ನು ಬಿಡದೆ ಬೇಡಿದುದರ ಮರ್ಮ ಇದು.

ಕೇಳುವವನಿಗೂ ಇಲ್ಲಿ ಕರ್ತವ್ಯವುಂಟು. ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಸೊಸೆಯಾಗಿ ಬಂದವಳು ತವರಿನ ರೂಢಿಯಂತೆ ಆಡಿದ ಮಾತು ಅತ್ತೆಯ ಕಿವಿಗೆ ಕಟುವಾಗಿ ಕೇಳುವುದುಂಟು. ‘ನಿಮ್ಮ ಕಡೆ ಇದಕ್ಕೆ ಏನರ್ಥವಮ್ಮಾ?’ ಎಂದು ಒಮ್ಮೆ ಕೇಳಿದ್ದರೆ ಮುಗಿಯುತ್ತಿದ್ದ ವಿಷಯವು ವರ್ಷಗಟ್ಟಲೆಯ ಮುನಿಸಾಗಿ ಬೆಳೆಯುವುದು. 12ನೆಯ ಶತಮಾನದ ಕಲ್ಯಾಣಕ್ಕೆ ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ ಆದಯ್ಯನವರು ಸೌರಾಷ್ಟ್ರದಿಂದಲೂ ಬಂದರೆಂದು ಶರಣಚರಿತೆಗಳು ಹೇಳುತ್ತವೆ. ಅವರ ವಚನಗಳಿರುವುದು ಕನ್ನಡದಲ್ಲಿ. ಬಂದವರು ನಾಡಿನ ಒಡಂಬಡಿಕೆಯನ್ನು ಮನ್ನಿಸಿದರು. ನಾಡಿನವರು ಅವರ ನುಡಿಯನ್ನು ತಮ್ಮದೆಂದು ಸ್ವೀಕರಿಸಿದರು. ಕೇಳುವವನನ್ನು ಹೊರಗಿಡುವ ‘ಮಾ’ ಅಲ್ಲಿ ಅವನನ್ನೂ ಒಳಗೊಳ್ಳುವ ‘ಮನ’ವಾಯಿತು.

ಆದುದರಿಂದ ನುಡಿಯುವಾಗ ತನ್ನ ಮಾತಿಗೆ ತಾನು ಹೊಣೆಯಾಗಬೇಕು. ಕೇಳುವಾಗ ಅನ್ಯರ ಮಾತನ್ನು ಅವರ ಅಳತೆಯಿಂದ ಅಳೆಯಬೇಕು. ಒಂದಕ್ಷರವು ಒಂದು ಮನೆಯಲ್ಲಿ ತಾಯಿ, ಇನ್ನೊಂದು ಮನೆಯಲ್ಲಿ ‘ಬೇಡ’. ಯಾವ ಮನೆಯ ಬಾಗಿಲಲ್ಲಿ ನಿಂತಿರುವೆನೆಂದು ಅರಿತು ಕಿವಿಗೊಡುವುದೇ ವಿವೇಕ.