ಮೆಟ್ಟಿಲಿಲ್ಲದ ವಾದ್ಯ

ಕಷ್ಟವಾದ ವಾದ್ಯವನ್ನು ಸುಲಭ ಮಾಡಲು ಮನುಷ್ಯ ಪಡುವ ಶ್ರಮ ನಮಗೆ ಅರ್ಥವಾಗುತ್ತದೆ. ಸುಲಭವಾಗಿದ್ದುದನ್ನು ಬೇಕೆಂದೇ ಕಷ್ಟ ಮಾಡಿಕೊಳ್ಳುವವರ ಮಾತು ಹಾಗಲ್ಲ. ಪಾಶ್ಚಾತ್ಯರ ವಿದ್ಯುತ್ ಬೇಸ್ ಗಿಟಾರಿನ ಚರಿತ್ರೆಯಲ್ಲಿ ಇಂಥದೊಂದು ವಿಚಿತ್ರವಿದೆ. ನಾನು ಆ ವಾದ್ಯವನ್ನು ನುಡಿಸಬಲ್ಲವನಲ್ಲ. ಹುಡುಗರಿಗೆ ಕನ್ನಡ ಪಾಠ ಹೇಳುವುದು ನನ್ನ ವೃತ್ತಿ. ಆದರೂ ಅದು ಎತ್ತುವ ಪ್ರಶ್ನೆ ಸಂಗೀತಗಾರರಿಗೆ ಮಾತ್ರ ಸೇರಿದ್ದಲ್ಲವೆಂದು ನನಗೆ ತೋರುತ್ತದೆ.

ಪಾಶ್ಚಾತ್ಯ ಮೇಳಗಳಲ್ಲಿ ಮಂದ್ರಸ್ವರಕ್ಕೆಂದು ಆಳೆತ್ತರದ ಡಬಲ್ ಬೇಸ್ ಇತ್ತು. ಪಿಟೀಲಿನಂತೆ ಅದಕ್ಕೂ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಊರಬೇಕೆಂಬುದನ್ನು ಕಿವಿಯೇ ಹೇಳಬೇಕು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಗಿಟಾರಿನ ಆಕಾರದ, ನಮ್ಮ ವೀಣೆಗಿರುವಂತೆ ಲೋಹದ ಮೆಟ್ಟಿಲುಗಳುಳ್ಳ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದ. ಅದಕ್ಕೆ ಇಟ್ಟ ಹೆಸರೇ 'ಪ್ರಿಸಿಷನ್ ಬೇಸ್', ಎಂದರೆ ಕರಾರುವಾಕ್ಕಾದ ಬೇಸ್. ಅದರ ತಂತಿಯ ಉದ್ದ 34 ಅಂಗುಲ. ಮೇಲ್ತುದಿಯಿಂದ ಮೊದಲನೆಯ ಮೆಟ್ಟಿಲಿಗೆ ಸುಮಾರು 1.9 ಅಂಗುಲ. ಈ ಎಡೆಯಲ್ಲಿ ಬೆರಳನ್ನು ಎಲ್ಲಿಟ್ಟು ಒತ್ತಿದರೂ ತಂತಿ ಮೆಟ್ಟಿಲಿಗೆ ತಾಗಿ ಒಂದೇ ಸ್ವರ ನುಡಿಯುತ್ತದೆ. ಬೆರಳಿನ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಲೋಹದ ಆ ಎಳೆ ಕ್ಷಮಿಸಿಬಿಡುತ್ತದೆ.

ಹತ್ತು ವರ್ಷ ಕಳೆಯಿತು. ಮುಂದೆ ರೋಲಿಂಗ್ ಸ್ಟೋನ್ಸ್ ವೃಂದದಲ್ಲಿ ಪ್ರಸಿದ್ಧನಾದ ಬಿಲ್ ವೈಮನ್ 1961ರಲ್ಲಿ ಇಂಗ್ಲೆಂಡಿನಲ್ಲಿ ಅಗ್ಗದ ಬೇಸೊಂದನ್ನು ಕೊಂಡು, ಅದರ ಒಡಲನ್ನು ಕೊಯ್ದು ತನಗೆ ಬೇಕಾದ ಆಕಾರಕ್ಕೆ ತಂದ. ಸವೆದ ಮೆಟ್ಟಿಲುಗಳನ್ನು ಹೊಸದು ಹಾಕುವ ಉದ್ದೇಶದಿಂದ ಕಿತ್ತ. ಕಿತ್ತ ಮೇಲೆ ಕೇಳಿದ ನಾದ ಹಿಡಿಸಿತು. ಹೊಸವನ್ನು ಹಾಕಲೇ ಇಲ್ಲ. ಅನಂತರ ಫ್ಲಾರಿಡಾದ ಜಾಕೋ ಪಾಸ್ಟೋರಿಯಸ್ ಮೆಟ್ಟಿಲು ಕಿತ್ತ ತನ್ನ ಬೇಸಿನ ಹಲಗೆಗೆ ದೋಣಿಗಳಿಗೆ ಬಳಿಯುವ ಎಪಾಕ್ಸಿಯನ್ನು ಬಳಿದು, 1976ರ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಅದನ್ನು ಮನುಷ್ಯನ ಕಂಠದಂತೆ ಹಾಡಿಸಿದ. ಈ ನಡುವೆ 1970ರಲ್ಲಿ ಫೆಂಡರ್ ಕಾರ್ಖಾನೆಯೇ ಮೆಟ್ಟಿಲಿಲ್ಲದ 'ಪ್ರಿಸಿಷನ್' ಬೇಸನ್ನು ಮಾರತೊಡಗಿತ್ತು. ಹೆಸರು ಉಳಿಯಿತು, ಕರಾರುವಾಕ್ಕಾಗಿರುವ ಹೊಣೆ ಮಾತ್ರ ಲೋಹದಿಂದ ಮನುಷ್ಯನಿಗೆ ವರ್ಗವಾಯಿತು.

ಇಂದು ಅನೇಕರು ಇಂಥ ವಾದ್ಯವನ್ನು ತಾವೇ ಕೈಯಿಂದ ಮಾಡಿಕೊಳ್ಳುತ್ತಾರೆ. ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆಮರ ಬೆರಳುಹಲಗೆಗೆ ಬಹಳ ಕಾಲದಿಂದ ಸಲ್ಲುತ್ತ ಬಂದಿದೆ. ಮೆಟ್ಟಿಲುಗಳಿದ್ದರೆ ಹಲಗೆಯ ಅಲ್ಪಸ್ವಲ್ಪ ಏರುತಗ್ಗು ಅವುಗಳ ಕೆಳಗೆ ಅಡಗಿಕೊಳ್ಳುತ್ತದೆ. ಅವಿಲ್ಲದಿದ್ದರೆ ತಂತಿ ಮರವನ್ನೇ ಮುಟ್ಟಬೇಕು. ಒಂದು ಉಬ್ಬು ಉಳಿದರೂ ಅಲ್ಲಿ ತಂತಿ ಗೊರಗುಟ್ಟುತ್ತದೆ. ನುಡಿಸುವವನಿಗೆ ತಪ್ಪಿದ ಕ್ಷಮೆ ಮಾಡುವವನಿಗೂ ತಪ್ಪಿತು.

ಹಾಗಾದರೆ ಈ ಕ್ಷಮೆಯನ್ನು ಕಳೆದುಕೊಂಡು ಗಳಿಸಿದ್ದೇನು? ತಪ್ಪುವುದಕ್ಕೆ ಎಡೆಯೇ ಇಲ್ಲದ ಕಡೆ ಸರಿಯಾಗಿರುವುದು ಯಾರ ಗುಣ? ಬೀಗ ಹಾಕಿದ ಪೆಟ್ಟಿಗೆಯಿಂದ ಹಣ ಕದಿಯದವನನ್ನು ನಾವು ಪ್ರಾಮಾಣಿಕನೆಂದು ಹೊಗಳುವುದಿಲ್ಲ. ಬೀಗ ಗಟ್ಟಿಯಾಗಿದೆ ಎನ್ನುತ್ತೇವೆ. ತಪ್ಪಬಹುದಾಗಿದ್ದೂ ತಪ್ಪದಿದ್ದಾಗಲೇ ಸ್ವರ ನುಡಿಸಿದವನದಾಗುತ್ತದೆ.

ಮೆಟ್ಟಿಲು ಕೊಡುವ ಸರಿಯಾದರೂ ಸರಾಸರಿಯ ಸರಿ. ಗಿಟಾರಿನಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಮೆಟ್ಟಿಲು ಕೂರಿಸುತ್ತಾರೆ. ಇದರಿಂದ ಅದರ ಗಾಂಧಾರ, ಷಡ್ಜಕ್ಕೆ ಐದಕ್ಕೆ ನಾಲ್ಕರ ಪ್ರಮಾಣದಲ್ಲಿ ಸೇರುವ ಶುದ್ಧ ಗಾಂಧಾರಕ್ಕಿಂತ ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಮೇಲಿರುತ್ತದೆ. ಎಲ್ಲ ಶ್ರುತಿಗಳಿಗೂ ಹೊಂದಬೇಕಾದ ನಿಯಮ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಮೆಟ್ಟಿಲಿಲ್ಲದವನು ಬೆರಳನ್ನು ಕೂದಲೆಳೆಯಷ್ಟು ಸರಿಸಿ ಆ ಇಂಪನ್ನು ಹುಡುಕಿಕೊಳ್ಳಬಲ್ಲ. ಅದೇ ಸ್ವಾತಂತ್ರ್ಯದಿಂದ ಕಿವಿ ಕೊರೆಯುವ ಅಪಸ್ವರವನ್ನೂ ನುಡಿಸಬಲ್ಲ.

ಹಾಗೆಂದು ಮೆಟ್ಟಿಲನ್ನು ಹಳಿಯುವುದು ತರವಲ್ಲ. ನಮ್ಮ ವೀಣೆಗೆ ಇಪ್ಪತ್ತನಾಲ್ಕು ಮೆಟ್ಟಿಲುಗಳಿವೆ. ವೈಣಿಕ ಅವುಗಳ ಮೇಲೆಯೇ ತಂತಿಯನ್ನು ಎಳೆದು ಗಮಕ ಹೊರಡಿಸುತ್ತಾನೆ. ಸಾಲುಸಾಲಾಗಿ ಜನ ಕೂಡಿ ಬಾಳುವ ಲೋಕದಲ್ಲಿ ಲೋಹದ ನಿಯಮವೂ ಬೇಕು. ರಸ್ತೆಯಲ್ಲಿ ಎಡಬದಿಗೆ ಹೋಗುವ ವಿಷಯದಲ್ಲಿ ಯಾರ ಕಿವಿಯನ್ನೂ ನಂಬಲಾಗದು!

ಈ ಎರಡರ ನಡುವೆ ವಾದ್ಯ ಮಾಡುವವರು ಕಂಡುಕೊಂಡ ಮೂರನೆಯ ದಾರಿಯೊಂದಿದೆ; ನನ್ನ ಮನಸ್ಸನ್ನು ಹಿಡಿದದ್ದು ಅದೇ. ಮೆಟ್ಟಿಲು ಇರಬೇಕಾದ ಗೀರುಗಳಲ್ಲಿ ಬೇರೆ ಬಣ್ಣದ ಮರದ ತೆಳು ಎಳೆಗಳನ್ನು ಕೂರಿಸಿ, ಹಲಗೆಗೆ ಸಮವಾಗಿ ಉಜ್ಜುತ್ತಾರೆ. ಸ್ಥಾನ ಕಣ್ಣಿಗೆ ಕಾಣುತ್ತದೆ, ಬೆರಳನ್ನು ತಡೆಯುವುದಿಲ್ಲ. ಗೆರೆ ಹೇಳುತ್ತದೆ, ಬಲವಂತ ಮಾಡುವುದಿಲ್ಲ. ವಾದ್ಯವನ್ನು ಎದೆಗೊತ್ತಿಕೊಂಡು ಓರೆಯಾಗಿ ನೋಡುವಾಗ ಆ ಗೆರೆಯೂ ತುಸು ಜರುಗಿದಂತೆ ತೋರುವುದರಿಂದ ಕೊನೆಯ ತೀರ್ಪು ಕಿವಿಯದೇ. ಗೆರೆ ನೋಡಿ ನುಡಿಸುವುದು ಹೀನವೆಂದು ಅವುಗಳನ್ನೂ ಬೇಡವೆನ್ನುವ ಶೂರರಿದ್ದಾರೆ. ಹೊಸದಾಗಿ ಕಲಿಯುವವನಿಗೆ ಬರಿಯ ಹಲಗೆಯನ್ನು ಕೊಟ್ಟು 'ನೀನು ಸ್ವತಂತ್ರ' ಎನ್ನುವುದರಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಉದಾಸೀನವಿರಬಹುದೆಂದು ನನ್ನ ಭಾವನೆ.

ತರಗತಿಯಲ್ಲಿ ನಿಂತಾಗ ಇದು ನನಗೆ ಬರಿಯ ಉಪಮೆಯಾಗಿ ಉಳಿಯುವುದಿಲ್ಲ. ಪದ್ಯದ ಅರ್ಥವನ್ನು ಪೂರ್ತಿ ಬರೆಸಿಬಿಟ್ಟರೆ ಯಾವ ವಿದ್ಯಾರ್ಥಿಯೂ ತಪ್ಪುವುದಿಲ್ಲ, ಯಾರೂ ಓದುವುದೂ ಇಲ್ಲ. ಏನನ್ನೂ ಹೇಳದಿದ್ದರೆ ಜಾಣರು ನಾಲ್ವರು ದಡ ಸೇರಿಯಾರು, ಉಳಿದವರ ಗತಿ? ಮಕ್ಕಳನ್ನು ಬೆಳೆಸುವ ಮನೆಗಳಲ್ಲೂ ಈ ಇಕ್ಕಟ್ಟು ಇದ್ದದ್ದೇ. ಅವರು ತಪ್ಪದಂತೆ ತಡೆಯುವುದು ನಮ್ಮ ಕೈಯಲ್ಲಿ ಬಹುಕಾಲ ಇರುವುದಿಲ್ಲ. ಗೆರೆಗಳನ್ನು ಸರಿಯಾದ ಕಡೆ ಎಳೆಯುವುದು ಮಾತ್ರ ನಮ್ಮ ಕೆಲಸ, ಅದೂ ನಮ್ಮ ಅನುಕೂಲ ನೋಡದೆ, ಅಳತೆ ನೋಡಿ. ಮೆಟ್ಟಿಲಾದರೆ ತಪ್ಪು ಕೂರಿಸಿದೊಡನೆ ಕೇಳಿಸುತ್ತದೆ. ತಪ್ಪಾಗಿ ಎಳೆದ ಗೆರೆ ಸದ್ದು ಮಾಡುವುದಿಲ್ಲ. ಅದನ್ನು ನಂಬಿದವನು, ಕಿವಿ ಪಳಗುವವರೆಗೆ, ತಪ್ಪು ತನ್ನದೇ ಎಂದುಕೊಂಡಿರುತ್ತಾನೆ.