ಉಳಿದವನು ಮತ್ತು ಉಳಿಸಿದವರು

‘ದಿ ಪಿಯಾನಿಸ್ಟ್’ ಚಿತ್ರ ನೋಡಿ ಎದ್ದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: ಸಂಗೀತ ಅವನನ್ನು ಬದುಕಿಸಿತು. ಕೇಳಲು ಹಿತವಾದ ಮಾತು, ಕಲೆಯನ್ನು ನಂಬಿದವರಿಗೆ ಧೈರ್ಯ ಕೊಡುವ ಮಾತು. ಆದರೆ ರೋಮನ್ ಪೊಲಾನ್ಸ್ಕಿ 2002ರಲ್ಲಿ ತೆಗೆದ ಈ ಚಿತ್ರವನ್ನೂ ಅದಕ್ಕೆ ಆಧಾರವಾದ, ವಾರ್ಸಾದ ಯೆಹೂದಿ ಪಿಯಾನೋ ವಾದಕ ವ್ಲಾಡಿಸ್ಲಾವ್ ಸ್ಪಿಲ್ಮನ್‌ನ ಆತ್ಮಕಥನವನ್ನೂ ಮನಸ್ಸಿಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ನಿಲ್ಲಲೂ ಬಾರದು. ಅದನ್ನು ಒಪ್ಪಿದ ಕೂಡಲೇ ಸತ್ತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಸ್ಪಿಲ್ಮನ್‌ನ ತಂದೆ ಪಿಟೀಲು ವಾದಕ. ಮಗನಿಗೆ ಪಿಯಾನೋದ ಮೊದಲ ಪಾಠ ಹೇಳಿಕೊಟ್ಟವಳು ತಾಯಿ. ಅಂದರೆ ಸಂಗೀತ ಆ ಮನೆಯಲ್ಲಿ ಒಬ್ಬನ ಸೊತ್ತಾಗಿರಲಿಲ್ಲ. 1939ರ ಸೆಪ್ಟೆಂಬರ್ 23ರಂದು ವಾರ್ಸಾದ ಮೇಲೆ ಜರ್ಮನ್ ದಾಳಿ ನಡೆಯುತ್ತಿರುವಾಗ ಅವನು ಪೋಲಿಷ್ ರೇಡಿಯೋದಲ್ಲಿ ಶೋಪಾನ್‌ನ ಸಂಗೀತ ನುಡಿಸಿದ. ಅಂದೇ ಆ ನಿಲಯ ಸ್ತಬ್ಧವಾಯಿತು. ಮುಂದಿನ ವರ್ಷ ನವೆಂಬರಿನಲ್ಲಿ, ನಗರದ ಯೆಹೂದಿಗಳನ್ನು ಕೂಡಿಹಾಕಿದ ಘೆಟ್ಟೊದ ಗೋಡೆ ಮುಚ್ಚಿತು. ಸುಮಾರು ಮೂರೂವರೆ ಚದರ ಕಿಲೋಮೀಟರ್ ಜಾಗದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಯೆಹೂದಿಗಳು. 1942ರ ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಎರಡೇ ತಿಂಗಳಲ್ಲಿ ಅವರಲ್ಲಿ ಸುಮಾರು 2,65,000 ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ಹತ್ಯಾ ಶಿಬಿರಕ್ಕೆ ಸಾಗಿಸಲಾಯಿತು.

ಚಿತ್ರದಲ್ಲಿ ರೈಲು ಬರುವ ಮುಂಚಿನ ಒಂದು ದೃಶ್ಯವಿದೆ. ಬಯಲಿನಲ್ಲಿ ಬಿಸಿಲಿಗೆ ಸಾವಿರಾರು ಜನ ಗಂಟುಮೂಟೆಗಳ ಮೇಲೆ ಕುಳಿತಿದ್ದಾರೆ. ಒಬ್ಬ ಹುಡುಗ ಮಿಠಾಯಿ ಮಾರುತ್ತಾ ಬರುತ್ತಾನೆ. ಸಾಯಲು ಹೊರಟವರ ನಡುವೆ ಆ ಹಣದಿಂದ ಅವನೇನು ಮಾಡಿಯಾನು ಎಂದು ನಮಗೆ ಅನಿಸುತ್ತದೆ. ಮನೆಯವರೆಲ್ಲ ಜೇಬು ತಡಕಿ, ಇದ್ದಬದ್ದ ಚಿಲ್ಲರೆ ಕೂಡಿಸಿ, ಒಂದೇ ಒಂದು ಮಿಠಾಯಿ ಕೊಳ್ಳುತ್ತಾರೆ. ತಂದೆ ಚಿಕ್ಕ ಚಾಕು ತೆಗೆದು ಅದನ್ನು ಆರು ಚೂರು ಮಾಡುತ್ತಾನೆ: ತಾನು, ಹೆಂಡತಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಪಾಲು ಹೆಚ್ಚುಕಡಿಮೆ ಆಗದಂತೆ ನೋಡಿ ನೋಡಿ ಕತ್ತರಿಸುತ್ತಾನೆ. ಆ ಸಂಸಾರ ಕೂಡಿ ತಿಂದ ಕೊನೆಯ ತುತ್ತು ಅದು. ಇಡೀ ಚಿತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಈ ಆರು ಚೂರು.

ಸ್ವಲ್ಪ ಹೊತ್ತಿನಲ್ಲೇ ಘೆಟ್ಟೊದ ಯೆಹೂದಿ ಪೊಲೀಸನೊಬ್ಬ ಸ್ಪಿಲ್ಮನ್‌ನನ್ನು ಸಾಲಿನಿಂದ ಎಳೆದು ಹೊರಗೆ ನೂಕುತ್ತಾನೆ. ಉಳಿದ ಐವರು ರೈಲು ಹತ್ತುತ್ತಾರೆ. ಅವರಲ್ಲಿ ಒಬ್ಬರೂ ಮರಳಲಿಲ್ಲ. ಪಿಟೀಲು ಬಲ್ಲ ತಂದೆಯನ್ನು ಸಂಗೀತ ಏಕೆ ಉಳಿಸಲಿಲ್ಲ? ಮಗನ ಬೆರಳುಗಳಿಗೆ ಮೊದಲ ಸ್ವರ ತೋರಿಸಿದ ತಾಯಿಯನ್ನು? ಆಶ್ವಿಟ್ಸ್ ಶಿಬಿರದಲ್ಲಿ ಕೈದಿಗಳದೇ ವಾದ್ಯವೃಂದಗಳಿದ್ದವು. ನುಡಿಸಿದವರನ್ನೂ ಸಾವು ಬಿಟ್ಟಿರಲಿಲ್ಲ. ಕೇಳಿ ತಲೆದೂಗಿದ ಅಧಿಕಾರಿಗಳ ಮನಸ್ಸು ಕರಗಲೂ ಇಲ್ಲ. ಒಳ್ಳೆಯ ಸಂಗೀತ ಕೇಳುವವರು ಒಳ್ಳೆಯವರಾಗಿರುತ್ತಾರೆ ಎಂಬ ನಂಬಿಕೆಯನ್ನು ಇಪ್ಪತ್ತನೆಯ ಶತಮಾನ ಹುಸಿ ಮಾಡಿತು. ಪೊಲಾನ್ಸ್ಕಿಗೆ ಇದು ಗೊತ್ತಿತ್ತು. ಅವನೇ ಕ್ರಾಕೋವ್‌ನ ಘೆಟ್ಟೊದಿಂದ ತಪ್ಪಿಸಿಕೊಂಡ ಬಾಲಕ. ಅವನ ತಾಯಿ ಆಶ್ವಿಟ್ಸ್‌ನಲ್ಲಿ ಕೊಲೆಯಾದಳು.

ಹಾಗಾದರೆ ಸ್ಪಿಲ್ಮನ್‌ನನ್ನು ಉಳಿಸಿದ್ದು ಏನು? ಒಂದಿಷ್ಟು ಅದೃಷ್ಟ, ಮತ್ತೆ ಕೆಲವು ಮನುಷ್ಯರು. ಯೆಹೂದಿಗೆ ಆಶ್ರಯ ಕೊಟ್ಟ ಪೋಲಿಷ್ ಜನರಿಗೆ ಮರಣದಂಡನೆ ಕಾದಿತ್ತು. ಹಾಗಿದ್ದೂ ನಟ ಆಂದ್ಜೆ ಬೊಗುತ್ಸ್ಕಿ, ಅವನ ಹೆಂಡತಿ, ಅವರ ಗೆಳೆಯರು ಸ್ಪಿಲ್ಮನ್‌ನನ್ನು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸಿದರು. ಚಿತ್ರದಲ್ಲಿ ಅಂಥದೊಂದು ಅಡಗುಮನೆಯಲ್ಲಿ ಪಿಯಾನೋ ಇದೆ. ಸದ್ದು ಮಾಡಿದರೆ ಸಾವು. ಅವನು ಮುಚ್ಚಳ ತೆರೆದು, ಕೀಲಿಗಳಿಗೆ ಬೆರಳು ತಾಗಿಸದೆ ಗಾಳಿಯಲ್ಲೇ ನುಡಿಸುತ್ತಾನೆ. ಸಂಗೀತ ಅಲ್ಲಿ ಅವನಿಗೆ ಒಳಗಿನ ಆಸರೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಆಸರೆ ಬೇರೆ, ಅನ್ನ ಬೇರೆ. ಅನ್ನ ತರಬೇಕಾದವನೊಬ್ಬ ಈ ಹೆಸರಾಂತ ವಾದಕನ ಹೆಸರು ಹೇಳಿ ನಗರದಲ್ಲೆಲ್ಲ ಹಣ ಎತ್ತಿದ, ಅದನ್ನು ತಾನೇ ನುಂಗಿದ, ಇವನನ್ನು ಹಸಿವಿನಿಂದ ಸಾಯುವ ಹಂತಕ್ಕೆ ತಂದ. ಕಲಾವಿದನ ಖ್ಯಾತಿ ಕಳ್ಳನಿಗೂ ಬಂಡವಾಳವಾಯಿತು.

ಕೊನೆಗೆ ಒಬ್ಬ ಜರ್ಮನ್ ಅಧಿಕಾರಿ. 1944ರ ನವೆಂಬರ್, ಸುಟ್ಟು ಪಾಳುಬಿದ್ದ ವಾರ್ಸಾ. ಸೌತೆಕಾಯಿಯ ಡಬ್ಬಿ ತೆರೆಯಲಾಗದೆ ಒದ್ದಾಡುತ್ತಿದ್ದ ಸ್ಪಿಲ್ಮನ್ ಎದುರಿಗೆ ಕ್ಯಾಪ್ಟನ್ ವಿಲ್ಮ್ ಹೋಸೆನ್‌ಫೆಲ್ಡ್ ನಿಂತಿದ್ದಾನೆ. ನುಡಿಸು ಎನ್ನುತ್ತಾನೆ. ಚಿತ್ರದಲ್ಲಿ ಇವನು ಶೋಪಾನ್‌ನ ಭವ್ಯವಾದ ಬ್ಯಾಲೆಡ್ ನುಡಿಸುತ್ತಾನೆ. ನಿಜದಲ್ಲಿ ನುಡಿಸಿದ್ದು ಚಿಕ್ಕದೊಂದು ನಾಕ್ಟರ್ನ್, ಅದೂ ಎರಡೂವರೆ ವರ್ಷ ಅಭ್ಯಾಸವಿಲ್ಲದ, ಮರಗಟ್ಟಿದ ಬೆರಳುಗಳಿಂದ. ನಮ್ಮ ತಪ್ಪು ತಿಳಿವಳಿಕೆಗೆ ಚಿತ್ರದ ಆ ಭವ್ಯತೆಯೂ ತುಸು ಕಾರಣ. ಅದೇ ಚಿತ್ರದಲ್ಲಿ ಅಧಿಕಾರಿ ಮರಳಿ ಬಂದಾಗ ತಂದದ್ದನ್ನು ಗಮನಿಸಿ: ಬ್ರೆಡ್ಡು, ಜಾಮು, ಜೊತೆಗೆ ಡಬ್ಬಿ ತೆರೆಯುವ ಉಪಕರಣ. ಅವನು ಸಂಗೀತ ಕೇಳಿದ್ದ, ಸರಿ. ಡಬ್ಬಿಯನ್ನೂ ನೋಡಿದ್ದ.

ಹೋಸೆನ್‌ಫೆಲ್ಡ್ ಶಾಲಾಮಾಸ್ತರ, ನಾಜಿ ಪಕ್ಷದ ಸದಸ್ಯ. ಪೋಲೆಂಡಿನಲ್ಲಿ ಕಣ್ಣಾರೆ ಕಂಡದ್ದು ಅವನನ್ನು ನಾಚಿಕೆಯಿಂದ ಕುಗ್ಗಿಸಿತು. ಸ್ಪಿಲ್ಮನ್ ಎದುರಾಗುವ ಮುಂಚೆಯೇ ಅವನು ಹಲವರನ್ನು ಕಾಪಾಡಿದ್ದ. ಟ್ರೆಬ್ಲಿಂಕಾದ ರೈಲಿನಿಂದ ತಪ್ಪಿಸಿಕೊಂಡು ಬಂದ ಯೆಹೂದಿಯೊಬ್ಬನಿಗೆ ಸುಳ್ಳು ಕಾಗದಪತ್ರ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡಿದ್ದ. ಅವನು ಕಾಪಾಡಲು ಪಿಯಾನೋ ಬೇಕಿರಲಿಲ್ಲ. ಯಾರಾದರೂ ಸರಿ, ಎದುರಿಗೊಬ್ಬ ಮನುಷ್ಯನಿದ್ದರೆ ಸಾಕಿತ್ತು. ಪ್ರತಿಭೆಯುಳ್ಳವನು ಉಳಿಯಲಿ ಎಂದು ಬಯಸುವುದು ಸುಲಭ. ಯಾವ ಪ್ರತಿಭೆಯೂ ಇಲ್ಲದವನಿಗೂ ಬದುಕುವ ಹಕ್ಕು ಅಷ್ಟೇ ಇದೆ ಎಂದು ತಿಳಿದು ಜೀವ ಪಣಕ್ಕಿಡುವುದು ಬೇರೆಯೇ ಮಾತು.

ಹೋಸೆನ್‌ಫೆಲ್ಡ್‌ಗೆ ಒಳ್ಳೆಯದಾಗಲಿಲ್ಲ. 1945ರಲ್ಲಿ ಸೋವಿಯತ್ ಸೇನೆಯ ಕೈಗೆ ಸಿಕ್ಕ. 25 ವರ್ಷಗಳ ಶಿಕ್ಷೆ ಬಿತ್ತು. ಅವನ ಹೆಸರು ತಿಳಿದ ಮೇಲೆ ಸ್ಪಿಲ್ಮನ್ ಬಿಡಿಸಲು ಓಡಾಡಿದ; ಫಲಿಸಲಿಲ್ಲ. 1952ರಲ್ಲಿ ಹೋಸೆನ್‌ಫೆಲ್ಡ್ ಸೆರೆಯಲ್ಲೇ ತೀರಿಕೊಂಡ. ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವನನ್ನು ಯೆಹೂದಿಗಳನ್ನು ರಕ್ಷಿಸಿದ ಸಜ್ಜನರ ಪಟ್ಟಿಗೆ ಸೇರಿಸಿದ್ದು 2008ರಲ್ಲಿ. ಸ್ಪಿಲ್ಮನ್‌ನ ಪುಸ್ತಕದ ಈಚಿನ ಆವೃತ್ತಿಗಳ ಕೊನೆಗೆ ಹೋಸೆನ್‌ಫೆಲ್ಡ್‌ನ ದಿನಚರಿಯ ಕೆಲವು ಪುಟಗಳನ್ನು ಸೇರಿಸಿದ್ದಾರೆ. ಚಿತ್ರ ನೋಡಿದವರು ದಯವಿಟ್ಟು ಆ ಪುಟಗಳನ್ನೂ ಓದಿ.